ತಟ್ಟಿ ಮುಟ್ಟು

ನಮ್ಮ ಪಕ್ಕದ ಮನೆಯಾಕೆ ತಟ್ಟದೆ ಏನನ್ನೂ ಮುಟ್ಟುತ್ತಿರಲಿಲ್ಲ. ಕೊಬ್ಬರಿಯಾಗಲೆಂದು ವರ್ಷವಿಡೀ ಅಟ್ಟದಲ್ಲಿ ಅಲುಗದೆ ಬಿದ್ದಿರುವ ತೆಂಗಿನಕಾಯಿಗಳ ಸಂದಿಯಲ್ಲಿ ಜೇಡಗಳು ಮನೆ ಮಾಡುತ್ತವೆ. ಆಕೆ ಕೋಲಿನಿಂದ ಬಡಿದ ಮೇಲೆಯೇ ಕೈ ಹಾಕುತ್ತಿದ್ದರು. "ತಟ್ಟಿ ಮುಟ್ಟು ಕಣೇ," ಎಂದು ಪುಟ್ಟ ಮಗಳಿಗೂ ಹೇಳುತ್ತಿದ್ದರು.

ಗಂಡ ತೀರಿದ ಮೇಲೆ ಉಯಿಲು ಬರೆದುಕೊಡಲು ನನ್ನನ್ನು ಕರೆದರು. ತಮಗೇನಾದರೂ ಆದರೆ ತೋಟ ಮಗಳಿಗೆ, ಮಗಳನ್ನು ಸಾಕುವ ಹೊಣೆ ಮೈದುನನಿಗೆ ಎಂದರು. ಹಾಗೆಯೇ ಬರೆದೆ. ಮೈದುನ ಅಲ್ಲೇ, ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ಪಕ್ಕ ಕೂತಿದ್ದ.

ಮಗು ಕೋಲಿನಿಂದ ರಾಶಿಯನ್ನು ತಟ್ಟಿತು. ಸಣ್ಣದೊಂದು ಕಪ್ಪು ಜೇಡ ಹೊರಬಂತು. ಬೆನ್ನ ಮೇಲೆ ಕೆಂಪು ಪಟ್ಟೆಯಿತ್ತು. ಮಗು ತಟ್ಟನೆ ಕೈ ಹಿಂದೆಳೆದುಕೊಂಡಿತು.

"ಥೂ, ಅಂಜುಬುರ್ಕಿ! ಉಗುರಿನಷ್ಟೂ ಇಲ್ಲ. ದೊಡ್ಡವು ಕಣೇ ಕಚ್ಚೋದು, ಹಿಡಿ!" ಎನ್ನುತ್ತಾ ಮೈದುನ ಅವಳ ಮಣಿಕಟ್ಟು ಹಿಡಿದು ಜೇಡದತ್ತ ಎಳೆದ. ಮಗು ಚೀರಿತು. ಅವನು ನಗುತ್ತಲೇ ಇದ್ದ.

ನಾನು ಲೇಖನಿ ಹಿಡಿದು ಕಲ್ಲಿನಂತೆ ಕೂತಿದ್ದೆ. ಆಕೆ ಎದ್ದು ಮಗುವನ್ನು ಸೆಳೆದುಕೊಂಡು ಜೇಡವನ್ನು ಬಡಿದರು.

"ಅತ್ಗೆ, ತಮಾಷೆ ಮಾಡ್ದೆ ಕಣ್ರೀ."

"ಅದು ವಿಷದ ಜೇಡ ಅಂತ ನಿಂಗೆ ಗೊತ್ತಿಲ್ದೆ ಇರ್ಬೋದು ಬುಡಪ್ಪ. ಮಗು ಚೀರಿದ್ದೂ ಕೇಳ್ಲಿಲ್ವಾ?"

ಆಕೆ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಬೇರೆ ಹಾಳೆ ತಗೊಳ್ಳಿ. ಕಂದಿಕೆರೆಯಾಗೆ ಇರೋ ನಮ್ಮಕ್ಕನ ಹೆಸರು ಬರೀರಿ."

ಮೊದಲ ಹಾಳೆಯನ್ನು ಪಕ್ಕಕ್ಕಿಟ್ಟು ಬರೆಯತೊಡಗಿದೆ. ಮಗುವಿನ ಮಣಿಕಟ್ಟು ಉಜ್ಜುತ್ತಾ ಆಕೆ ಆ ಹಾಳೆಯತ್ತ ನೋಡಿ ಮೆಲ್ಲಗೆ, "ಇದೊಂದನ್ನ ತಟ್ಟದೇನೇ ಮುಟ್ಟಿಬುಟ್ಟಿದ್ದೆ," ಎಂದರು.