ಕ್ರೇನಿನವನ ಎದೆಬಡಿತ

ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು ಅವನು. ತಲೆಯ ಮೇಲೆ ಭಾರದ ಪೆಟ್ಟಿಗೆ ತೂಗಾಡುವಾಗ ಕೆಳಗಿನವರು, "ಮೇಲಿರೋನು ನೋಡ್ಕೋತಾನೆ ಬಿಡು" ಎಂದು ನಗುತ್ತಿದ್ದರು. ಹತ್ತೊಂಬತ್ತು ವರ್ಷ ಯಾರ ಕೂದಲೂ ಕೊಂಕದಂತೆ ನೋಡಿಕೊಂಡಿದ್ದ.

ಆಮೇಲೆ ಎದೆ ಕೈಕೊಟ್ಟಿತು. ಎರಡು ಬಡಿತ ನೆಟ್ಟಗೆ ಬಂದರೆ ಮೂರನೆಯದು ಅವಸರಪಟ್ಟು ಮುಂಚೆಯೇ ಗುದ್ದುವುದು; ಹಿಂದೆಯೇ ಒಂದು ಕ್ಷಣ ಏನೂ ಇಲ್ಲ. ಒಂದು ಬೆಳಿಗ್ಗೆ ಕ್ಯಾಬಿನ್ನಿನಲ್ಲೇ ಕಣ್ಣು ಕತ್ತಲೆ ಬಂತು. ಹೇಗೋ ಬ್ರೇಕು ಎಳೆದ. ಕೆಳಗಿಳಿದು ಮೇಸ್ತ್ರಿಗೆ ತಾನೇ ಹೇಳಿದ: "ನನ್ನ ಹತ್ಸಬೇಡಿ ಇನ್ನು."

ಆಸ್ಪತ್ರೆಯಲ್ಲಿ ಒಂದಿಡೀ ದಿನ ಎದೆಗೆ ಯಂತ್ರ ಕಟ್ಟಿದರು. ಹೆಚ್ಚುವರಿ ಬಡಿತ ಇಪ್ಪತ್ನಾಲ್ಕು ಸಾವಿರ.

"ಹೃದಯ ಸೋತುಹೋಗ್ತಿದೆ. ಈ ಬಡಿತ ಎಲ್ಲಿ ಹುಟ್ಟತ್ತೆ ಅಂತ ಹುಡುಕಿ, ಆ ಜಾಗ ಸುಡಬೇಕು" ಎಂದರು ಡಾಕ್ಟರು. "ಮನೇಲಿ ಬೇರೆ ಯಾರಿಗಾದ್ರೂ ಹಿಂಗಿತ್ತಾ?"

"ನಮ್ಮಕ್ಕಂಗಿತ್ತು. ಎದೆ ಹಾರತ್ತೆ ಅಂತಿದ್ಲು. ಸುಮ್ನೆ ಗಾಬರಿ ಬೀಳ್ತೀಯ ಅಂತ ನಾವು ನಗ್ತಿದ್ವಿ. ನಲವತ್ತಕ್ಕೇ ಹೋದ್ಲು."

"ಅವ್ರ ಮಕ್ಕಳಿಗೂ ಪರೀಕ್ಷೆ ಮಾಡಿಸಿ."

ತೊಡೆಸಂದಿನ ರಕ್ತನಾಳದಿಂದ ತಂತಿಗಳನ್ನು ಹೃದಯದೊಳಕ್ಕೆ ಇಳಿಸಿದರು. ಅಷ್ಟುಹೊತ್ತಿಗೆ ಹೃದಯ ಸಂಭಾವಿತನ ಹಾಗೆ ಬಡಿಯತೊಡಗಿತ್ತು. "ತಪ್ಪು ಮಾಡಿದ್ರೇನೇ ಹಿಡಿಯಕ್ಕಾಗೋದು" ಎಂದು ಡಾಕ್ಟರು ಗೊಣಗಿದರು. ಬಡಿತ ಕೆರಳಿಸುವ ಔಷಧ ಹರಿಸಿದ ಮೇಲೆ ಹಾಳು ಬಡಿತಗಳು ಒಂದರ ಹಿಂದೊಂದು ಬಂದವು. ತಂತಿಯ ತುದಿ ಒಂದೊಂದೇ ಜಾಗ ಮುಟ್ಟಿ ನೋಡುತ್ತಾ ಹೋಯಿತು. ಒಂದು ಕಡೆ ನಿಂತು ಸುಡತೊಡಗಿದಾಗ ಎದೆಯೊಳಗೆ ಉರಿ ಎದ್ದಿತು.

"ಸಿಕ್ತಾ ಸಾರ್?" ಎಚ್ಚರವಾಗಿಯೇ ಮಲಗಿದ್ದ ಅವನು ಕೇಳಿದ.

"ಸಿಕ್ತು. ಆದ್ರೆ ಪಕ್ಕದಲ್ಲೇ ಹೃದಯಕ್ಕೆ ರಕ್ತ ಕೊಡೋ ನಾಳ ಇದೆ. ಅದಕ್ಕೆ ಬಿಸಿ ತಾಗಿದ್ರೆ ಜೀವಕ್ಕೇ ಅಪಾಯ. ಸುಟ್ಟಿರೋಷ್ಟು ಸಾಕು, ನಿಲ್ಲಿಸ್ತೀನಿ."

ಚೇತರಿಸಿಕೊಂಡವನು ಮೊದಲು ಅಕ್ಕನ ಮಗಳ ಮನೆಗೆ ಹೋದ. ಅವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

"ಅಮ್ಮ ಹೇಳಿದಾಗ ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ಈಗ ಬಂದ್ಯಾ ಮಾವ?"

ಪರೀಕ್ಷೆಗೆಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅವನು ಚಾಚಿದ. ಅವಳು ಅದನ್ನು ತೆಗೆದುಕೊಂಡಳು, ಒಳಗೆ ಬಾ ಎನ್ನಲಿಲ್ಲ. ಪರೀಕ್ಷೆ ಮಾಡಿಸಿದಳೋ ಇಲ್ಲವೋ ತಿಳಿಯಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಎಣಿಸಿದಾಗ ಹನ್ನೊಂದು ಸಾವಿರ. "ಅರ್ಧಕ್ಕರ್ಧ ಇಳೀತಲ್ಲ" ಎಂದಳು ಹೆಂಡತಿ. ಉಳಿದದ್ದಕ್ಕೆ ಮಾತ್ರೆ. ಕ್ರೇನಿನ ಪರವಾನಗಿ ಮಾತ್ರ ಹೋಯಿತು. ಉಗ್ರಾಣದ ಕಿಟಕಿಯ ಹಿಂದೆ ಕೂತು ಕೈಗವಸು, ಹಗ್ಗ, ಕೊಕ್ಕೆಗಳನ್ನು ಕೊಡುವ ಕೆಲಸ ಸಿಕ್ಕಿತು. ಆ ಕಿಟಕಿಯಿಂದ ಕಾಣುವುದು ಎದುರಿನ ಗೋಡೆ ಮಾತ್ರ, ಕ್ರೇನುಗಳಲ್ಲ. ಅದೇ ವಾಸಿ ಎಂದು ಅವನು ಕುರ್ಚಿಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡ.