ಬಾಗಿನಕ್ಕೆ ರಕ್ತ ಕೇಳಿದ ಅತ್ತೆ

ನಮ್ಮ ಸೋದರತ್ತೆಯ ಎರಡೂ ಕಣ್ಣಿನ ರೆಪ್ಪೆಗಳ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ, ಬೆಂದ ತೊಗರಿಬೇಳೆ ಅಂಟಿಸಿದ ಹಾಗೆ ಒಂದೊಂದು ಹಳದಿ ಮಚ್ಚೆ ಇತ್ತು. ಅಂಥದೇ ಮಚ್ಚೆ ಅವಳ ತಮ್ಮನಾದ ನಮ್ಮಪ್ಪನಿಗೂ ಇತ್ತು, ತಾತನಿಗೂ ಇತ್ತಂತೆ. ಬಾಗಲೂರಿನ ನಮ್ಮ ಮನೆತನದವರು ಅದನ್ನು ಲಕ್ಷ್ಮಿ ಇಟ್ಟ ಬೊಟ್ಟು ಎಂದು ಬೀಗುತ್ತಿದ್ದರು. ಹೆಣ್ಣು ಕೇಳಲು ಹೋದ ಕಡೆ ಹುಡುಗನ ರೆಪ್ಪೆ ತೋರಿಸಿ ಬರುತ್ತಿದ್ದರಂತೆ. ಆದರೆ ಆ ಬೊಟ್ಟಿನ ಗಂಡಸರು ಯಾರೂ ಐವತ್ತು ಕಂಡಿರಲಿಲ್ಲ. ಹೊಲದಲ್ಲೋ ಜಗಲಿಯಲ್ಲೋ ಎದೆ ಹಿಡಿದುಕೊಂಡು ಕುಸಿದವರೇ. ಹೆಣ್ಣುಮಕ್ಕಳು ಉಳಿದು, ಅಣ್ಣತಮ್ಮಂದಿರಿಗೆ ಅಳಲು ತವರಿಗೆ ಬರುತ್ತಿದ್ದರು. ಅತ್ತೆ ತನ್ನ ಇಬ್ಬರು ಅಣ್ಣಂದಿರಿಗೆ ಅತ್ತಾಗಿತ್ತು. ಉಳಿದಿದ್ದವನು ಅಪ್ಪ ಒಬ್ಬನೇ.

ಎಪ್ಪತ್ತರ ದಶಕದ ಕೊನೆಯಲ್ಲಿ, ಯಲಹಂಕದಲ್ಲಿ ಸಂಸಾರ ಮಾಡಿಕೊಂಡಿದ್ದ ಅತ್ತೆ, ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲವೆಂದು ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಕಣ್ಣು ನೋಡುವುದು ಬಿಟ್ಟು ರೆಪ್ಪೆಯನ್ನೇ ನೋಡುತ್ತ ಕೂತರಂತೆ.

"ಏನಮ್ಮ, ನಿಮ್ಮ ತವರಲ್ಲಿ ಎದೆನೋವಿಂದ ಬೇಗ ಹೋದೋರು ಯಾರಾದ್ರೂ ಇದ್ದಾರಾ?"

ಅತ್ತೆ ತೀರಿಕೊಂಡ ಇಬ್ಬರು ಅಣ್ಣಂದಿರ ಹೆಸರು ಹೇಳಿದಳು. ಆ ಮಚ್ಚೆ ಕೊಬ್ಬು, ರಕ್ತದಲ್ಲೂ ಅದು ಹೆಚ್ಚಿರಬಹುದು, ಕೊಲೆಸ್ಟರಾಲ್ ಅಂತಾರೆ, ವಂಶದಲ್ಲಿ ಹರಿದು ಬರುವುದುಂಟು, ಪಥ್ಯ ಮತ್ತು ಮಾತ್ರೆಯಿಂದ ಇಳಿಸಬಹುದು ಎಂದು ಅವರು ಬಿಡಿಸಿ ಹೇಳಿ ರಕ್ತಪರೀಕ್ಷೆಗೆ ಕಳಿಸಿದರು. ಇಳಿಸಬಹುದು ಎಂಬ ಒಂದು ಮಾತನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಯಾವ ಮದುವೆಗೆ ಹೋದರೂ ದಾಯಾದಿ ಹುಡುಗರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುವಳು. ಬೀಗರು ಮುದ್ದು ಮಾಡುತ್ತಿದ್ದಾಳೆಂದುಕೊಳ್ಳುತ್ತಿದ್ದರು.

ಅಪ್ಪ ಮಾತ್ರ ಕೈಗೆ ಸಿಗಲಿಲ್ಲ. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಬೆಣ್ಣೆಯಿಲ್ಲದೆ ಮುದ್ದೆ ಇಳಿಯುತ್ತಿರಲಿಲ್ಲ. ಅತ್ತೆ ಎಷ್ಟು ಸಲ ಹೇಳಿಕಳಿಸಿದರೂ ನಕ್ಕುಬಿಡುತ್ತಿದ್ದ.

ಆ ವರ್ಷ ಗೌರಿಹಬ್ಬಕ್ಕೆ ಅಪ್ಪನೂ ನಾನೂ ಬಾಗಿನ ತೆಗೆದುಕೊಂಡು ಯಲಹಂಕಕ್ಕೆ ಹೋದೆವು. ಅತ್ತೆ ಮೊರ ಮುಟ್ಟಲಿಲ್ಲ.

"ಇದು ಬ್ಯಾಡ ಕಣೋ. ಈ ಸಲ ಬಾಗಿನಕ್ಕೆ ನಿನ್ ರಕ್ತ ಕೊಡು. ಆಸ್ಪತ್ರೇಲಿ."

"ಅಬ್ಬದ್ ದಿನ ಇಂಗೆಲ್ಲ ಮಾತಾಡ್ತಾರೇನಕ್ಕಾ?"

"ಮುಂದಿನ್ ಅಬ್ಬಕ್ಕೆ ಬಾಗಿನ ತರಕ್ಕೆ ನೀನಿರ್ಬೇಕಲ್ಲೋ."

ತವರಿನ ಬಾಗಿನ ಬೇಡವೆಂದ ಹೆಣ್ಣನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಅಪ್ಪ ಮೊರ ಹಿಡಿದುಕೊಂಡು ನಡುಮನೆಯಲ್ಲಿ ನಿಂತೇ ಇದ್ದ. ಒಳಗೆ ಒಬ್ಬಟ್ಟು ಬೇಯಿಸುತ್ತಿದ್ದವರೂ ಕೈ ನಿಲ್ಲಿಸಿ ಇಣುಕಿದರು. ಕೊನೆಗೆ ಅವನು ಆಯ್ತು ಎಂದ. ಆಮೇಲೇ ಅವಳು ಸೆರಗೊಡ್ಡಿದ್ದು.

ಬರಿಹೊಟ್ಟೆಯಲ್ಲಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅವಳೇ. ಅಪ್ಪನ ಕೊಲೆಸ್ಟರಾಲ್ ಅವಳದಕ್ಕಿಂತ ಎಷ್ಟೋ ಮೇಲಿತ್ತು. ಅಲ್ಲಿಂದ ಬಂದವಳೇ ನಮ್ಮ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡಳು. ವನಸ್ಪತಿ ಡಬ್ಬ, ಬೆಣ್ಣೆ ಗಡಿಗೆ ಹೊರಗೆ ಹೋದವು. ಕುಸುಬೆ ಎಣ್ಣೆ ಬಂತು, ಅದೂ ಚಮಚದ ಲೆಕ್ಕದಲ್ಲಿ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಮನೆಯವರೆಲ್ಲ ಬಾಡೂಟ ಮಾಡುವಾಗ ಅಪ್ಪನ ಪಕ್ಕದಲ್ಲಿ ಕೂತು ತಾನೂ ಹುರುಳಿಕಾಳಿನ ಸಾರು ಉಂಡಳು. ಬೋಟಿ ಗೊಜ್ಜೆಂದರೆ ಅವಳಿಗೆ ಪ್ರಾಣ ಎಂಬುದು ನಮಗೆಲ್ಲ ಗೊತ್ತಿತ್ತು.

ಮಾತ್ರೆಯದೇ ಕಷ್ಟ. ಅದನ್ನು ನುಂಗಿದರೆ ಸ್ವಲ್ಪ ಹೊತ್ತು ಮುಖ, ಕತ್ತೆಲ್ಲ ಕೆಂಪಗಾಗಿ ಉರಿಯುತ್ತಿತ್ತು. ಉರಿಯುತ್ತದೆ, ಹೆದರಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಅಪ್ಪ ಬಿಟ್ಟುಬಿಟ್ಟ. ಸುದ್ದಿ ತಿಳಿದ ಅತ್ತೆ ಬಸ್ಸು ಹತ್ತಿ ಬಂದಳು. ಅವಳಿಗೂ ಅದೇ ಮಾತ್ರೆ. ಅಪ್ಪನ ಎದುರು ಕೂತು ತನ್ನದನ್ನು ನುಂಗಿದಳು. ನೋಡುತ್ತಿದ್ದ ಹಾಗೆ ಅವಳ ಕೆನ್ನೆ, ಕಿವಿ ಕುಂಕುಮವಾದವು, ಕಣ್ಣಲ್ಲಿ ನೀರಾಡಿತು.

"ನೋಡೋ, ಮದುವಣಗಿತ್ತಿ ಮೊಕ ಬಂದ್ಬಿಡ್ತು ನಂಗೆ. ನಿಂಗ್ಯಾಕೋ ನಾಚ್ಕೆ? ನುಂಗು."

ಅಪ್ಪ ನಗುತ್ತಲೇ ನುಂಗಿದ. ಮತ್ತೆ ಬಿಡಲಿಲ್ಲ. ಪರೀಕ್ಷೆಯಿಂದ ಪರೀಕ್ಷೆಗೆ ಕೊಲೆಸ್ಟರಾಲ್ ನಿಧಾನವಾಗಿ ಇಳಿಯಿತು. ದೇವರ ಮುನಿಸೆಂದು ಮೂರು ತಲೆಮಾರು ಕೈಮುಗಿದು ಕೂತಿದ್ದ ಆ ಸಾವಿಗೆ ಎದುರು ನಿಂತ ಆ ಹೆಂಗಸನ್ನು ನೆನೆದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ.

ಎಂಬತ್ತರ ದಶಕದ ಕೊನೆಗೆ ಅತ್ತೆ ನ್ಯುಮೋನಿಯಾ ಆಗಿ ತೀರಿಕೊಂಡಳು. ಚಟ್ಟದ ಮುಂದಿನ ಕೊಂಬಿಗೆ ಅಪ್ಪ ಹೆಗಲು ಕೊಟ್ಟಿದ್ದ. ದಾರಿಯಲ್ಲಿ ಯಾರೋ ಹುಡುಗ ಬಂದು, ವಯಸ್ಸಾದೋರು, ನೀವು ಬಿಡಿ ಎಂದ. ಅಪ್ಪ ಬಿಡಲಿಲ್ಲ, ಗಟ್ಟಿಯಾಗಿ ಅಳುತ್ತ ನಡೆದ. ನಮ್ಮ ಮನೆತನದಲ್ಲಿ ಅಕ್ಕನಿಗಾಗಿ ಅಳಲು ಒಬ್ಬ ತಮ್ಮ ಉಳಿದದ್ದು ಅದೇ ಮೊದಲು.