ಕುವೈತಿನ ಡಬ್ಬಿ ಹಾಲು

1979ರಲ್ಲಿ ನಾನು ಕಾರ್ಕಳದ ಒಂದು ಸಣ್ಣ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆಯಾಗಿದ್ದೆ. ಹುಟ್ಟೂರು ಕಾಪು, ಓದಿದ್ದು ಮಣಿಪಾಲದಲ್ಲಿ. ನಮ್ಮ ಮಕ್ಕಳ ವಾರ್ಡು ಎಂದರೆ ಹನ್ನೆರಡು ಮಂಚ, ಇಬ್ಬರು ನರ್ಸುಗಳು ಮತ್ತು ಬಾಯಿ ಸ್ವಲ್ಪ ಜೋರಿದ್ದ ನಾನು. ಮಕ್ಕಳನ್ನು ಮುದ್ದು ಮಾಡುತ್ತಿದ್ದೆ, ತಾಯಂದಿರನ್ನು ಗದರುತ್ತಿದ್ದೆ. ಅಜ್ಜಿಯರ ಮುಂದೆ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ.

ಆ ವರ್ಷ ಜುಲೈಯಲ್ಲಿ ಸೆವ್ರಿನ್ ಬಾಯಿ ಎಂಬ ಅಜ್ಜಿ ಐದು ತಿಂಗಳ ಮೊಮ್ಮಗನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಹಿಂದೆ ತಲೆ ತಗ್ಗಿಸಿಕೊಂಡು ಸೊಸೆ ಸಿಸಿಲಿಯಾ. ಕಾರ್ಕಳದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯವರು, ಸ್ವಂತ ಗದ್ದೆ ಇದ್ದ ಕೊಂಕಣಿ ಕ್ರೈಸ್ತ ಮನೆತನ. ಮಗ ಲಾರೆನ್ಸ್ ಕುವೈತಿನಲ್ಲಿ ಕೆಲಸಕ್ಕಿದ್ದ. ಮಗುವಿನ ಮುಖ ಅವನಿನ್ನೂ ನೋಡಿರಲಿಲ್ಲ.

ಮಗುವಿಗೆ ವಿಪರೀತ ಬೇದಿ. ತಕ್ಕಡಿಯಲ್ಲಿ ಮಲಗಿಸಿದರೆ ಮೂರು ಕಿಲೋ ಆರುನೂರು ಗ್ರಾಂ. ಆ ಪ್ರಾಯಕ್ಕೆ ಆರು ಕಿಲೋ ದಾಟಿರಬೇಕಿತ್ತು. ತೊಡೆಯ ಚರ್ಮ ಸಡಿಲ ಚಡ್ಡಿಯ ಹಾಗೆ ನೇತಾಡುತ್ತಿತ್ತು, ಮುಖ ಮುದುಕನದ್ದು. ಇದಕ್ಕೆ ನಾವು ಮರಾಸ್ಮಸ್ ಎನ್ನುತ್ತೇವೆ. ಹೊಟ್ಟೆಗೆ ಸಾಲದೆ ದೇಹ ತನ್ನನ್ನೇ ತಿಂದುಕೊಳ್ಳುವ ಸ್ಥಿತಿ. ಡ್ರಿಪ್ ಹಾಕಿದೆವು, ಬೇದಿ ನಿಂತಿತು, ಮಗು ಸ್ವಲ್ಪ ಚೇತರಿಸಿಕೊಂಡಿತು, ಮನೆಗೆ ಹೋಯಿತು. ಮೂರೇ ವಾರದಲ್ಲಿ ಅದೇ ಟವೆಲಿನಲ್ಲಿ ವಾಪಸು. ಈ ಸಲ ಬೇದಿಯ ಜೊತೆಗೆ ನ್ಯುಮೋನಿಯಾ ಕೂಡ. ಉಸಿರು ತೆಗೆಯುವಾಗ ಪಕ್ಕೆ ಒಳಗೆ ಸೆಳೆಯುತ್ತಿತ್ತು.

ಅಪೌಷ್ಟಿಕತೆ ಮತ್ತು ಸೋಂಕು ಒಂದರ ಕೈ ಒಂದು ಹಿಡಿದುಕೊಂಡೇ ಬರುತ್ತವೆ. ಹೊಟ್ಟೆಗಿಲ್ಲದ ಮಗುವಿಗೆ ರೋಗವನ್ನು ತಡೆಯುವ ಶಕ್ತಿ ಇರುವುದಿಲ್ಲ. ರೋಗ ಬಂದರೆ ಮಗು ಉಣ್ಣುವುದಿಲ್ಲ, ಉಂಡದ್ದೂ ಮೈಗೆ ಹತ್ತುವುದಿಲ್ಲ, ಇನ್ನಷ್ಟು ಸೊರಗುತ್ತದೆ. ಮೂರನೆಯ ಸಲಕ್ಕೆ ಈ ಮಗು ಉಳಿಯುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಉಣ್ಣುವ ಮನೆಯ ಮಗು ಹೀಗೇಕೆ?

“ಬಾಯಮ್ಮ, ಮಗುವಿಗೆ ಎಂತ ಕೊಡ್ತೀರಿ?” ಎಂದು ಕೇಳಿದೆ. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.

“ಫಾರಿನ್ ಹಾಲು. ಬಾಟ್ಲಿ ತುಂಬ ಕೊಡ್ತೇನೆ. ನನ್ನ ಲಾರೆನ್ಸ್ ಕಳಿಸಿದ್ದು.”

ಮಾಡುವ ಕ್ರಮ ತೋರಿಸಿ ಎಂದೆ. ಮರುದಿನ ಅವರು ಡಬ್ಬಿಯನ್ನೇ ತಂದರು, ಬಿಳಿ ಕಸೂತಿ ಬಟ್ಟೆಯಲ್ಲಿ ಸುತ್ತಿ. ಮನೆಯಲ್ಲಿ ಅದರ ಜಾಗ ಅಡುಗೆಮನೆಯಲ್ಲಲ್ಲ, ಪ್ರಾರ್ಥನೆ ಮಾಡುವ ಆಲ್ತಾರಿನಲ್ಲಿ, ಮೇರಿ ಮಾತೆಯ ಪಕ್ಕ. ಡಬ್ಬಿಯ ಮೇಲೆ ಉಬ್ಬಿದ ಕೆನ್ನೆಯ ಮಗುವಿನ ಚಿತ್ರ, ಕೆಳಗೆ ಅರಬಿ ಮತ್ತು ಇಂಗ್ಲಿಷ್ ಬರಹ. ಸೆವ್ರಿನ್ ಬಾಯಿಗೆ ಕನ್ನಡ ಅಕ್ಷರದ ಕೊಂಕಣಿ ಪ್ರಾರ್ಥನೆ ಪುಸ್ತಕ ಓದಲು ಬರುತ್ತಿತ್ತು, ಈ ಎರಡೂ ಬರುತ್ತಿರಲಿಲ್ಲ. ಎಂಟು ಚಮಚ ಪುಡಿ ಬೇಕಾದ ಬಾಟಲಿಗೆ ಅವರು ಒಂದು ಚಮಚ ಹಾಕಿದರು. ಚಮಚಕ್ಕೆ ಅಂಟಿಕೊಂಡ ಪುಡಿಯನ್ನು ಬೆರಳಿನಿಂದ ತಟ್ಟಿ ಮತ್ತೆ ಡಬ್ಬಿಗೇ ಇಳಿಸಿದರು. ವಾರಕ್ಕೆ ಮುಗಿಯಬೇಕಾದ ಡಬ್ಬಿ ಅವರ ಕೈಯಲ್ಲಿ ಎರಡು ತಿಂಗಳು ಬಾಳುತ್ತಿತ್ತು.

“ದಪ್ಪ ಹಾಲು ಡಾಕ್ಟ್ರಮ್ಮ, ಸಣ್ಣ ಮಗುವಿಗೆ ಜೀರ್ಣ ಆಗ್ಲಿಕ್ಕಿಲ್ಲ. ಬೇದಿ ಆದಾಗ ಅರ್ಧವೇ ಚಮಚ ಹಾಕುದು. ಮತ್ತೆ ಅಲ್ಲಿಂದ ಯಾರಾದ್ರೂ ರಜೆಯಲ್ಲಿ ಬಂದ್ರೆ ಮಾತ್ರ ಇನ್ನೊಂದು ಡಬ್ಬಿ ಬರುದು, ಅಲ್ವಾ?”

ಬಾಟಲಿ ನೋಡಿದೆ. ಅಕ್ಕಿ ತೊಳೆದ ನೀರಿಗೆ ಇದಕ್ಕಿಂತ ಬಣ್ಣ ಇರುತ್ತದೆ. ರಬ್ಬರ್ ಮೊಲೆಯ ಒಳಗೆ ಹಳೆಯ ಹಾಲು ಗಟ್ಟಿಯಾಗಿ ಕೂತಿತ್ತು, ಬೇದಿಯ ಮೂಲ ಅಲ್ಲಿತ್ತು. ಮೊದಲ ಡಬ್ಬಿ ಬರುವವರೆಗೆ ಸಿಸಿಲಿಯಾ ಎದೆಹಾಲು ಕೊಡುತ್ತಿದ್ದಳಂತೆ. ಗದ್ದೆಯ ಬಿಸಿಲಲ್ಲಿ ನಿಂತವಳ ಹಾಲಿಗಿಂತ ಮಗ ಕಳಿಸಿದ್ದೇ ಮೇಲು ಎಂದು ಅತ್ತೆ ಬಿಡಿಸಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಆಕೆ ಆ ಡಬ್ಬಿಯನ್ನು ಮತ್ತೆ ಕಸೂತಿ ಬಟ್ಟೆಯಲ್ಲಿ ಸುತ್ತುತ್ತಿದ್ದದ್ದು ಕಣ್ಣಿಗೆ ಬಿತ್ತು. ಕೂಸನ್ನು ಸುತ್ತುವ ಹಾಗೆ ಸುತ್ತುತ್ತಿದ್ದರು. ಇದು ವಿಷ, ಎಸೆಯಿರಿ ಎಂದರೆ ಈ ಹೆಂಗಸು ಮಗುವನ್ನೂ ಡಬ್ಬಿಯನ್ನೂ ಎತ್ತಿಕೊಂಡು ಮುಂದಿನ ಬಸ್ಸಿಗೇ ಹೋಗಿಬಿಡುತ್ತಾರೆ ಅನ್ನಿಸಿತು. ಆಮೇಲೆ ಮಗುವಿನ ಗತಿ?

“ಬಾಯಮ್ಮ, ಹಾಲು ಒಳ್ಳೆಯದೇ. ಆದರೆ ಇದನ್ನು ಕುಡಿಯಬೇಕಾದವಳು ಸಿಸಿಲಿಯಾ. ಅವಳು ಕುಡಿದರೆ ಅವಳ ಎದೆಯಲ್ಲಿ ಹಾಲಾಗಿ ಮಗುವಿಗೆ ಹೋಗ್ತದೆ. ನೀರು ಬೆರೆಸುವ ಕೆಲಸವೂ ಇಲ್ಲ, ಜೀರ್ಣ ಆಗದ ಭಯವೂ ಇಲ್ಲ,” ಎಂದೆ.

ಅವರು ಸುತ್ತಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಡಬ್ಬಿಯನ್ನು ನೋಡಿದರು. “ಲಾರೆನ್ಸ್ ಕಳಿಸಿದ್ದು ಹಾಳಾಗುದಿಲ್ಲ ಅಲ್ವಾ?”

“ಒಂದು ಚಮಚವೂ ಹಾಳಾಗುದಿಲ್ಲ.”

ನಿಜ ಹೇಳಬೇಕೆಂದರೆ, ಎದೆಹಾಲು ಮರಳುವುದು ಮುಖ್ಯವಾಗಿ ಮಗು ಪದೇ ಪದೇ ಚೀಪುವುದರಿಂದ. ಡಬ್ಬಿಯ ಪಾತ್ರ ಅದರಲ್ಲಿ ಅಷ್ಟಕ್ಕಷ್ಟೆ. ಅದನ್ನು ಮಾತ್ರ ನಾನು ಹೇಳಲಿಲ್ಲ. ಬಾಟಲಿಯನ್ನು ನರ್ಸಿನ ಕೈಗೆ ಒಪ್ಪಿಸಿ, ನ್ಯುಮೋನಿಯಾಕ್ಕೆ ಪೆನ್ಸಿಲಿನ್ ಶುರು ಮಾಡಿ, ಆಸ್ಪತ್ರೆಯಲ್ಲೇ ಸರಿ ಅಳತೆಯಲ್ಲಿ ಮಾಡಿದ ಹಾಲನ್ನು, ನೀರಲ್ಲಿ ಕುದಿಸಿ ತೆಗೆದ ಲೋಟ ಚಮಚದಲ್ಲಿ ಕೊಟ್ಟು, ಪ್ರತಿ ಸಲವೂ ಮೊದಲು ಮಗುವನ್ನು ತಾಯಿಯ ಎದೆಗೆ ಹಚ್ಚಿಸಿದೆವು. ಮೊದಮೊದಲು ಮಗು ತಲೆ ಆಚೆ ತಿರುಗಿಸಿ ಕಿರುಚುತ್ತಿತ್ತು. “ಬತ್ತಿ ಹೋಗಿದೆ ಡಾಕ್ಟ್ರೇ, ನನ್ನಿಂದ ಆಗುದಿಲ್ಲ,” ಎಂದು ಸಿಸಿಲಿಯಾ ಅತ್ತಳು. ಅವಳ ದೊಡ್ಡ ಕಷ್ಟ ಬೇರೆ ಇತ್ತು. ಆ ಡಬ್ಬಿ ಹಾಲಿನ ವಾಸನೆಯೇ ಅವಳಿಗೆ ಆಗುತ್ತಿರಲಿಲ್ಲ. ಅತ್ತೆಯೋ, ಪೊಲೀಸರ ಹಾಗೆ ಎದುರಿಗೆ ಕೂತು ಲೋಟ ಖಾಲಿಯಾಗುವ ತನಕ ಕದಲುತ್ತಿರಲಿಲ್ಲ. ಚಹಾಕ್ಕೆ ಹಾಕಿಕೊಡಿ ಎಂದು ನಾನು ರಾಜಿ ಮಾಡಿಸಬೇಕಾಯಿತು. ಗದ್ದೆಯ ಕೆಲಸಕ್ಕೆ ಆಳು ಹಚ್ಚಿ, ಸೊಸೆಗೆ ಮೀನು, ಮೊಟ್ಟೆ, ಬಿಸಿ ಗಂಜಿ ಹೊತ್ತುಕೊಂಡು ಆ ಅಜ್ಜಿ ದಿನಾ ಬಸ್ಸು ಹತ್ತಿ ಬಂದರು.

ಒಂದು ಬೆಳಿಗ್ಗೆ ನಾನು ವಾರ್ಡಿಗೆ ಕಾಲಿಡುವಾಗ ಸೆವ್ರಿನ್ ಬಾಯಿ ಕೊಂಕಣಿಯಲ್ಲಿ ದೇವರನ್ನು ಜೋರಾಗಿ ಕೂಗುತ್ತಿದ್ದರು. ಹೆದರಿ ಓಡಿದೆ. ಮಗು ಚೀಪುತ್ತಿತ್ತು, ತುಟಿಯ ಕೊನೆಯಲ್ಲಿ ಹಾಲು ಇಳಿಯುತ್ತಿತ್ತು. ಸಿಸಿಲಿಯಾ ಅಲುಗಾಡದೆ ಕೂತಿದ್ದಳು, ಅಲುಗಾಡಿದರೆ ನಿಂತುಹೋದೀತು ಎಂಬಂತೆ. ನನಗೂ ಅಳು ಬಂತು. ತಿಂಗಳು ತುಂಬುವಾಗ ಮಗು ನಾಲ್ಕೂವರೆ ಕಿಲೋ ತೂಗಿತು. ಸಣ್ಣ ಮಕ್ಕಳಿಗೆ ತಿನ್ನಿಸುವ ರಾಗಿ ಮಣ್ಣಿ ಮಾಡುವ ಹದ ಹೇಳಿಕೊಟ್ಟು ಮನೆಗೆ ಕಳಿಸಿದೆವು.

ಮುಂದಿನ ವರ್ಷ ಲಾರೆನ್ಸ್ ರಜೆಯಲ್ಲಿ ಬಂದ. ಕೈತುಂಬ ಗುಂಡಗಿನ ಮಗನನ್ನು ಎತ್ತಿಕೊಂಡು, ತಾಯಿಯ ಜೊತೆ ನನ್ನನ್ನು ನೋಡಲು ಬಂದಿದ್ದ. ಊರಿನಲ್ಲಿ ಯಾರೋ ಏನೋ ಹೇಳಿರಬೇಕು, ಮುಖ ಸಣ್ಣದಾಗಿತ್ತು.

“ಡಾಕ್ಟ್ರೇ, ನಾನು ಕಳಿಸಿದ ಹಾಲಿನಿಂದಲೇ ಇವನಿಗೆ ಹಾಗಾದದ್ದಾ?”

ಸೆವ್ರಿನ್ ಬಾಯಿ ನಡುವೆಯೇ ಹೇಳಿದರು. “ಯಾರು ಮಾರಾಯ ಹೇಳಿದ್ದು? ನಿನ್ನ ಹಾಲು ಕುಡಿದೇ ಇವ ಬದುಕಿದ್ದು. ಡಾಕ್ಟ್ರಮ್ಮನನ್ನೇ ಕೇಳು.”

ನಾನು ಹೌದು ಎಂದು ತಲೆಯಾಡಿಸಿದೆ. ಅವನು ಮಗನ ತಲೆಗೆ ಮುಖ ಒತ್ತಿ ಹೊರಗೆ ಹೋದ. ಅಜ್ಜಿ ಬಾಗಿಲಲ್ಲಿ ಒಂದು ಕ್ಷಣ ನಿಂತರು.

“ನೀವು ನನಗೆ ಹೇಳಿದ್ದನ್ನೇ ಅವನಿಗೆ ಹೇಳಿದೆ,” ಎಂದರು. “ಅಷ್ಟು ದೂರ ಇರುವವ, ಬೇರೆ ಎಂತ ಮಾಡ್ಲಿಕ್ಕೆ ಆಗ್ತದೆ ಅವನಿಗೆ?”

ತಾನು ಕೊಟ್ಟ ನೀರು ಹಾಲಿನಿಂದಲೇ ಮಗು ಸೊರಗಿದ್ದು, ನಾನು ಅದನ್ನು ಮುಚ್ಚಿಟ್ಟದ್ದು, ಆ ಅಜ್ಜಿಗೆ ಎಲ್ಲವೂ ಗೊತ್ತಿತ್ತು. ಯಾವಾಗಿನಿಂದಲೋ ಗೊತ್ತಿತ್ತು.

ಆಮೇಲೆ ನಾನು ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ, ಸೊರಗಿದ ಮಗುವನ್ನು ಯಾರು ತಂದರೂ ಗದರುವ ಮೊದಲು ಒಂದು ಮಾತು ಕೇಳುತ್ತಿದ್ದೆ: ಈ ಮಗುವಿಗೆ ನೀವು ಯಾರ್ಯಾರು ಏನೇನು ಮಾಡುತ್ತಿದ್ದೀರಿ? ಏನೂ ಮಾಡದ ಮನೆಯನ್ನು ನಾನು ನೋಡಿದ್ದು ಬಹಳ ಕಡಿಮೆ. ಅವರು ಮಾಡುತ್ತಿದ್ದದ್ದನ್ನು ಮಗುವಿನ ಹೊಟ್ಟೆಯವರೆಗೆ ಮುಟ್ಟಿಸುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು.